ಎರಡು ಊರಿನ ಒಂದೇ ಸೀಟಿ

ಕೆಂಪು ದೀಪ ಹತ್ತಿದೆ, ಬಟಾಣಿಯಷ್ಟು ಸಣ್ಣದು, ಯಂತ್ರದ ಬಲಮೂಲೆಯಲ್ಲಿ, ಹತ್ತಿದ್ದು ಹತ್ತಿಯೇ ಇದೆ, ಮಿನುಗುತ್ತಿಲ್ಲ, ಮಿನುಗದಿದ್ದರೆ ಅಷ್ಟೇ ಸಾಕು ದೇವರೇ ಎಂದು ಅವರು ಕುರ್ಚಿಯ ಅಂಚಿಗೆ ಸರಿದು ಕೂತರು, ಕೋಟಿನ ಒಳಜೇಬಿನಲ್ಲಿ ಕನ್ನಡಕದ ಡಬ್ಬಿ ಇದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಇದೆ, ಕನ್ನಡಕವೋ ಮೂಗಿನ ಮೇಲಿದೆ, ಹಾಗಾದರೆ ಡಬ್ಬಿಯಲ್ಲೇನಿದೆ ಎಂದು ಯಾರೂ ಕೇಳುವುದಿಲ್ಲ, ಮುದುಕರ ಜೇಬನ್ನು ಯಾರು ನೋಡುತ್ತಾರೆ — ಎದುರಿಗೆ ತಮ್ಮನ ಮಗಳು ಟೇಪಿನ ಸುರುಳಿಯನ್ನು ಯಂತ್ರಕ್ಕೆ ಏರಿಸುತ್ತಿದ್ದಾಳೆ, ಅವಳ ಕೈ ಅಪ್ಪನದೇ, ಅಗಲ ಮಣಿಕಟ್ಟು, ಗಿಡ್ಡ ಬೆರಳು, ಡ್ರಮ್ಮಿನ ಕೋಲು ಹಿಡಿಯುವುದಕ್ಕೆಂದೇ ಹುಟ್ಟಿದ ಕೈ, ಆದರೆ ಅವಳು ಒಂದು ದಿನವೂ ಕೋಲು ಮುಟ್ಟಲಿಲ್ಲ, ದೊಡ್ಡಪ್ಪನ ಕಸುಬು ಹಿಡಿದಳು, ಇನ್ನೊಬ್ಬರು ಮಾಡಿದ ಸದ್ದನ್ನು ಕಿವಿಯಲ್ಲಿ ಸೋಸುವ ಕಸುಬು, ಆ ಕಿವಿಯದೇ ಈಗ ಭಯ, ಅದಕ್ಕೆ ಏನೂ ತಪ್ಪುವುದಿಲ್ಲ, ತಾವೇ ಪಕ್ಕದಲ್ಲಿ ಕೂರಿಸಿಕೊಂಡು ಪಳಗಿಸಿದ ಕಿವಿ. ದೊಡ್ಡಪ್ಪ, ಆರಾಮಾಗಿ ಕೂತ್ಕೊಳ್ಳಿ, ಪರೀಕ್ಷೆಗೆ ಓದದೇ ಬಂದವರ ಹಾಗೆ ಕೂತಿದೀರಲ್ಲ, ಯಾವ ಹಾಡು ಯಾವ ಊರಿಂದು ಅಂತ ಹೇಳಿದ್ರೆ ಸಾಕು, ಉಳಿದಿದ್ದು ನಾನು ನೋಡ್ಕೋತೀನಿ. ಉಳಿದದ್ದೇ ತೊಂದರೆ ಮಗಳೇ, ಎಂದು ಅವರು ಹೇಳಲಿಲ್ಲ, ಹೂಂ ಎಂದರು. ನಲವತ್ತೊಂದು ವರ್ಷದ ಕೆಳಗೆ ಈ ಟೇಪುಗಳನ್ನು ತುಂಬಿದವರು ಅವರೇ, ಒಂಬತ್ತು ಊರು, ಒಂಬತ್ತು ಹಾಡು, ರಟ್ಟಿನ ಡಬ್ಬಿಯ ಮೇಲಿನ ಬರಹವೂ ಅವರದೇ, ಊರಿಂದೂರಿಗೆ, ರಾಕ್ ತಂಡ, ನೇರ ಮುದ್ರಣ, ಹಾಡಿದ್ದೆಲ್ಲ ಊರು ಸುತ್ತುವ ಬದುಕಿನ ಮೇಲೆಯೇ, ಬಸ್ಸು, ಬಾಡಿಗೆ ಕೋಣೆ, ಯಾರೋ ತಲೆಯಿಟ್ಟು ಎದ್ದುಹೋದ ದಿಂಬು, ಮನೆಗೆ ಮಾಡಲಾಗದ ಫೋನು, ಕೇಳಿದವರೆಲ್ಲ ಎಂಥ ನಿಜ ಎಂಥ ನಿಜ ಎಂದರು, ಈಗ ಡ್ರಮ್ಮಿನವನು ಹೋಗಿ ಇಪ್ಪತ್ತೆಂಟು ದಿನವಾಯಿತು ಎಂದು ಕಂಪನಿಯವರು ಅದರ ಸದ್ದನ್ನೇ ತೊಳೆದು ಒರೆಸಿ ಮತ್ತೆ ಹೊರಗೆ ತರುತ್ತಾರಂತೆ, ಹೊದಿಕೆಯ ಮೇಲೆ ಅವನ ಚಿತ್ರ ಹಾಕುತ್ತಾರಂತೆ, ತೊಳೆಯುವ ಕೆಲಸ ನನಗೇ ಕೊಡಿ ಎಂದು ಹಟಮಾಡಿ ತೆಗೆದುಕೊಂಡವಳು ಇವಳು, ಅಪ್ಪ ಬದುಕಿರುವ ತನಕ ಈ ಆಲ್ಬಮ್ಮನ್ನು ಒಂದು ಸಲವೂ ಕೇಳದವಳು. ನಮ್ಮ ಮನೇಲಿ ಅದನ್ನ ಹಾಕೋ ಹಾಗಿರಲಿಲ್ಲ ದೊಡ್ಡಪ್ಪ, ಅಮ್ಮ ಬಿಡ್ತಿರಲಿಲ್ಲ, ಅದು ನನ್ನ ಸವತಿ ಮಗಳು ಅಂತಿದ್ಳು, ನನಗೂ ಅದಕ್ಕೂ ಒಂದೇ ವಯಸ್ಸಲ್ವಾ. ಹೇಳಿ ನಕ್ಕಳು, ನಗುವಾಗ ಅಪ್ಪನ ಹಾಗೆ ಎಡಗೆನ್ನೆ ಮಾತ್ರ ಏಳುತ್ತದೆ, ಅವರು ಗೋಡೆಯ ಕಡೆ ನೋಡಿದರು, ಗೋಡೆಗೆ ಹೊಡೆದ ಬೂದು ಮೆತ್ತೆಯಲ್ಲಿ ಸಾಲುಸಾಲು ತೂತು.

ಸುರುಳಿ ತಿರುಗಿತು. ಮೊದಲ ಹಾಡು, ಹಿಂದಿನ ಊರಿನ ಕೋಣೆಯ ಬೀಗದ ಕೈ ಜೇಬಿನಲ್ಲೇ ಬಂದುಬಿಟ್ಟ ಹಾಡು, ಇದು ಯಾವ ಊರು ದೊಡ್ಡಪ್ಪ, ಹೊಳೆ ದಾಟಿ ಹೋದ ಊರು, ಶಾಲೆಯ ಸಭಾಂಗಣ, ಎಂದರು, ಎರಡನೆಯದು ಓಡುವ ಬಸ್ಸಿನಲ್ಲೇ ಹಿಡಿದದ್ದು, ಡ್ರಮ್ಮೆಲ್ಲ ಬಸ್ಸಿನ ನೆತ್ತಿಯ ಮೇಲೆ ಕಟ್ಟಿತ್ತು, ತಮ್ಮ ತನ್ನ ಪೆಟ್ಟಿಗೆಯ ಮೇಲೆಯೇ ಬೆರಳಿನಿಂದ ತಾಳ ಹಾಕಿದ, ಕೇಳು, ಆ ಟಪ್ ಎನ್ನುವುದು ಪೆಟ್ಟಿಗೆಯ ಕೊಂಡಿ, ಒಳಗೆ ಅವನ ಎರಡು ಅಂಗಿ, ಹೆಂಡತಿಯ ಪತ್ರ, ಏಳು ತಿಂಗಳ ಬಸುರಿಯ ಪತ್ರ, ಬೇಗ ಬನ್ನಿ ಎಂದು ಅದರಲ್ಲಿ ಇರಲಿಲ್ಲ, ಹುಷಾರು ಎಂದಷ್ಟೇ ಇತ್ತು, ಅವನೇ ಓದಿ ತೋರಿಸಿದ್ದ, ನೋಡಣ್ಣ, ಹುಷಾರು ಅಂತ ಮೂರು ಸಲ ಬರೆದಿದಾಳೆ, ಒಂದು ನನಗೆ, ಒಂದು ನಿನಗೆ, ಮೂರನೇದು ಡ್ರೈವರಿಗೆ. ಅವನು ಹೀಗೆಯೇ, ಯಾವುದನ್ನೂ ನೇರ ಹೇಳುವವನಲ್ಲ, ಹೇಳಬೇಕಾದ್ದನ್ನು ಆ ಮೈಕಿಗೆ ಹೇಳುತ್ತಿದ್ದ — ಡ್ರಮ್ಮಿನ ಬದಿಗೆ ನಿಲ್ಲಿಸಿದ ಮೈಕು ಸಭೆಗೆ ಅಲ್ಲ, ಟೇಪಿಗೆ ಮಾತ್ರ, ಅದರಲ್ಲಿ ಆಡಿದ್ದು ವೇದಿಕೆಯ ಹಿಂದೆ ಕಿವಿಗೆ ಹೆಡ್‌ಫೋನು ಕಟ್ಟಿಕೊಂಡು ಕೂತ ಅಣ್ಣನೊಬ್ಬನಿಗೆ ಕೇಳಿಸುತ್ತದೆ, ಹಾಡು ಹಾಡಿನ ನಡುವೆ ಅವನು ಬಗ್ಗಿ ಪಿಸುಗುಡುವನು, ಅಣ್ಣಾ, ನಮ್ಮ ಕೋಗಿಲೆ ಇವತ್ತು ಮೂರನೇ ಸಾಲು ಮರೀತಾನೆ ನೋಡ್ತಿರು, ಅಣ್ಣಾ, ಆ ಫ್ಯಾನು ನನ್ನ ಕಡೆ ತಿರುಗಿಸು, ಬೆಂದುಹೋದೆ, ಕೋಗಿಲೆ ಎಂದರೆ ತಂಡದ ಗಾಯಕ, ಅಂಥ ಗಂಟಲಿಗೆ ಅಂಥ ಹೆಸರಿಟ್ಟವನೂ ತಮ್ಮನೇ, ಅಣ್ಣ ತಿರುಗಿ ಮಾತಾಡುವ ಹಾಗಿಲ್ಲ, ಅದಕ್ಕೇ ಡ್ರಮ್ಮಿನ ಕಾಲಿಗೆ ಒಂದು ಕೆಂಪು ಬಲ್ಬು ಕಟ್ಟಿ ತಂತಿ ಎಳೆದು ಗುಂಡಿಯನ್ನು ತಮ್ಮದೇ ಬೆರಳ ಕೆಳಗೆ ಇಟ್ಟುಕೊಂಡಿದ್ದರು, ಒಂದು ಸಲ ಹತ್ತಿ ಆರಿದರೆ ಸರಿ, ಎರಡು ಸಲವಾದರೆ ಬೇಡ, ಅಷ್ಟೇ ಭಾಷೆ, ಅಷ್ಟರಲ್ಲೇ ಅಣ್ಣತಮ್ಮಂದಿರ ಸಂಸಾರ ಇಪ್ಪತ್ತು ಊರು ಸಾಗಿತು, ಸಾಗಿತೇ, ಒಂಬತ್ತನೆಯ ಊರಿನಲ್ಲಿ ನಿಂತಿತು ದೇವರೇ, ನಿಂತದ್ದನ್ನು ನಾನು ಮುಂದೆ ದಬ್ಬಿ ನಡೆಸಿದೆ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಏನು ಬೇಡಿಕೊಂಡದ್ದು, ಅವಳಿಗೆ ಗೊತ್ತಾಗದಿರಲಿ ಎಂದು, ಮರುಕ್ಷಣವೇ ಗೊತ್ತಾಗಲಿ ಎಂದು, ಎರಡನ್ನೂ ಒಂದೇ ಉಸಿರಿನಲ್ಲಿ ಬೇಡಿದರೆ ದೇವರಾದರೂ ಯಾವುದನ್ನು ಕೊಡಬೇಕು, ಎದ್ದು ದೇವರ ಪಟದ ಹಿಂದೆ ಕೈಹಾಕಿ ಅದನ್ನು ತೆಗೆದು ಕನ್ನಡಕದ ಡಬ್ಬಿಗೆ ಸುತ್ತಿಟ್ಟುಕೊಂಡು ಬಂದದ್ದಾಯಿತು, ಐದು ಮೊಳ ಟೇಪು, ಆರು ಸೆಕೆಂಡು, ಕೊಡುವುದಕ್ಕೋ ದಾರಿಯಲ್ಲಿ ಚರಂಡಿಗೆ ಎಸೆಯುವುದಕ್ಕೋ ಆಗಲೂ ಗೊತ್ತಿರಲಿಲ್ಲ, ಚರಂಡಿ ದಾಟಿದರು, ಎಸೆಯಲಿಲ್ಲ, ಮೆಟ್ಟಿಲು ಹತ್ತಿದರು, ಇವಳು ಬಾಗಿಲು ತೆಗೆದಳು. ಮೂರನೇ ಹಾಡು ಮುಗಿಯುತ್ತಿದೆ, ಗಿರಣಿಯ ಊರು, ತಗಡಿನ ಮಾಡು, ಚಪ್ಪಾಳೆ ಬಂದರೆ ಆಲಿಕಲ್ಲು ಸುರಿದ ಹಾಗೆ, ಬಂತು, ಸುರಿಯಿತು, ಅದರ ನಡುವಿನಿಂದ ಸೀಟಿ, ಗಿಡ್ಡ, ಗಿಡ್ಡ, ಉದ್ದ. ಅವಳ ಕತ್ತು ಓರೆಯಾಯಿತು. ಇದು ಅಪ್ಪನ ಸೀಟಿ, ಎಂದಳು. ಗೇಟಿನ ಹತ್ರ ಹಾಕ್ತಿದ್ರಲ್ಲ, ನಾಕು ತಿಂಗಳಿಗೊಂದು ಸಲ ಬಂದ್ರೂ ಗೇಟು ತೆಗೆಯೋಕೆ ಮುಂಚೆ ಇದೇ ಸೀಟಿ, ನಾನು ಬಿದ್ದೆನೋ ಎದ್ದೆನೋ ಅಂತ ಓಡಿಬರ್ತಿದ್ದೆ, ಆದ್ರೆ ಇಲ್ಲಿ ಅಪ್ಪ ಡ್ರಮ್ಮಿನ ಮುಂದೆ ಕೂತಿದಾರೆ, ಸೀಟಿ ಜನರ ಮಧ್ಯದಿಂದ ಬರ್ತಿದೆ. ಯಾರೋ ಕೇಳೋಕೆ ಬಂದವನಮ್ಮ, ಎಂದರು, ಅದು ನಿಜವೇ, ಆ ಮಟ್ಟಿಗೆ ನಿಜ. ಹಾಗಾದ್ರೆ ಅಪ್ಪ ಇವನಿಂದ ಕಲಿತ್ರು ಅನ್ನಿ. ಕಲಿತ, ಎಂದರು. ಅವಳು ಕಾಗದದ ಮೇಲೆ ಏನೋ ಗೀಚಿದಳು, ಮೂರು ಎಂದು ಬರೆದು ಸುತ್ತ ಒಂದು ಸೊನ್ನೆ ಎಳೆದದ್ದು ಇಲ್ಲಿಂದಲೇ ಕಾಣುತ್ತದೆ, ಇನ್ನು ಮರೆಯುವುದಿಲ್ಲ, ಇನ್ನು ಆರು ಹಾಡು, ಹೆಚ್ಚೆಂದರೆ ಮೂವತ್ತು ನಿಮಿಷ, ಎದೆ ಬಡಿತ ಜೇಬಿನ ಡಬ್ಬಿಗೆ ತಾಗುತ್ತಿದೆ.

ಎದ್ದುಹೋಗಬಹುದು, ತಲೆ ಸುತ್ತುತ್ತಿದೆ ಎನ್ನಬಹುದು, ಎಪ್ಪತ್ತೆಂಟರ ಮುದುಕನ ತಲೆ ಸುತ್ತಿದರೆ ಯಾರೂ ಲೆಕ್ಕ ಕೇಳುವುದಿಲ್ಲ, ಟೀ ತರಿಸ್ಲಾ ದೊಡ್ಡಪ್ಪ, ಬೇಡಮ್ಮ, ನಾಲ್ಕು ಮುಗಿಯಿತು, ಐದು, ಬಾಡಿಗೆ ಕೋಣೆಯ ಗೋಡೆಯಾಚೆ ಯಾರೋ ಮಗುವನ್ನು ಮಲಗಿಸುವ ಹಾಡು, ಇದನ್ನು ವಸತಿಗೃಹದ ಮೊಗಸಾಲೆಯಲ್ಲೇ ಹಿಡಿದದ್ದು, ಅವಳು ಹೆಡ್‌ಫೋನಿನ ಒಂದು ಕಿವಿ ಸರಿಸಿ, ಅಲ್ಲ ದೊಡ್ಡಪ್ಪ, ಎಲ್ಲರೂ ಮನೆ ನೆನಪಾಗುತ್ತೆ ಮನೆ ನೆನಪಾಗುತ್ತೆ ಅಂತ ಇಷ್ಟು ಚೆನ್ನಾಗಿ ಹಾಡ್ತೀರಲ್ಲ, ಒಬ್ಬರಾದ್ರೂ ಬಸ್ಸು ಹತ್ತಿ ಮನೆಗೆ ಬಂದ್ರಾ? ತಮಾಷೆಗೆ ಕೇಳಿದ್ದು, ಎಡಗೆನ್ನೆ ಎದ್ದಿದೆ, ಆದರೂ ಆ ಮಾತು ಎಲ್ಲಿಗೆ ಹೋಗಿ ನಾಟಬೇಕೋ ಅಲ್ಲಿಗೇ ನಾಟಿತು. ನನಗೆ ನೆನಪಾಗುವ ಮನೆ ಇರಲಿಲ್ಲ ಮಗಳೇ, ಅದೇ ಮೂಲ, ಹೆಂಡತಿಯಿಲ್ಲ, ಮಕ್ಕಳಿಲ್ಲ, ಬಸ್ಸಿನ ಹಿಂದಿನ ಸೀಟು, ಯಂತ್ರ, ತಮ್ಮ, ಅಷ್ಟನ್ನೇ ಮನೆ ಅಂದುಕೊಂಡಿದ್ದೆ, ಅವನು ಇಳಿದುಹೋದರೆ ಮನೆಯಲ್ಲಿ ಉಳಿಯುವುದು ಯಂತ್ರ. ಎಂಟನೇ ಊರಿನಲ್ಲಿ ತಂತಿ ಬಂತು, ಹೆಣ್ಣು ಮಗು, ಇಬ್ಬರೂ ಕ್ಷೇಮ, ತಮ್ಮ ಆ ಕಾಗದವನ್ನು ಡ್ರಮ್ಮಿನ ಮೈಗೆ ಅಂಟಿಸಿಕೊಂಡು ಬಾರಿಸಿದ, ಒಂಬತ್ತನೆಯ ಊರಿಗೂ ಅಂಟಿಸಿಕೊಂಡೇ ಬಂದ, ಬೆವರಿಗೆ ಅಕ್ಷರ ಕಲೆಸಿಹೋಗಿದ್ದವು — ಆಸ್ಪತ್ರೆಯಲ್ಲಿ ಕೊನೆಯ ವಾರ ಮೂಗಿಗೆ ನಳಿಗೆ ಹಾಕಿದ್ದರು, ಮಾತು ನಿಂತಿತ್ತು, ಅವರು ಕಾಲುದೆಸೆ ಕೂತು ಮೆಲ್ಲಗೆ ದೇವರ ಹೆಸರು ಹೇಳುತ್ತಿದ್ದಾಗ ತಮ್ಮ ಕಣ್ಣು ಬಿಟ್ಟ, ತುಟಿ ಮುಂದೆ ಮಾಡಿದ, ಉಸಿರು ಸಾಲದು, ಗಾಳಿ ಮಾತ್ರ ಬಂತು, ಗಿಡ್ಡ, ಗಿಡ್ಡ, ಉದ್ದ. ಅವನಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಾಗಿತ್ತು. ಆಲ್ಬಮ್ ಬಂದಾಗ ಮೂಲೆಯಲ್ಲಿ ಕೂತು ಪೂರ್ತಿ ಕೇಳಿ ಎದ್ದವನು, ಅಣ್ಣಾ, ಆ ಸೀಟಿಯವನು ಗಿರಣಿಯ ಊರಿಂದ ನಮ್ಮ ಬಸ್ಸಿನ ಹಿಂದೆಯೇ ಬಂದನಲ್ಲ, ಪಾಪ, ಎಷ್ಟು ದೂರ, ಎಂದ, ಅಷ್ಟೇ, ಮುಂದೆ ಒಂದು ಮಾತಿಲ್ಲ, ಸಿಟ್ಟಿಲ್ಲ, ನಲವತ್ತು ವರ್ಷ ಎಲ್ಲಿ ಸಿಕ್ಕರೂ ನಮಸ್ಕಾರದ ಬದಲು ಆ ಸೀಟಿ, ಮದುವೆಮನೆಯಲ್ಲಿ, ರೈಲು ನಿಲ್ದಾಣದಲ್ಲಿ, ಮಗಳ ಗೇಟಿನಲ್ಲಿ, ಕೇಳಿದವರೆಲ್ಲ ತಮಾಷೆ ಎಂದು ನಗುವರು, ಅವರೂ ನಗುವರು, ಎಂಥ ಅವಸರ ಆವತ್ತು, ಒಂಬತ್ತನೆಯ ಹಾಡಿನ ಕೊನೆಯಲ್ಲಿ ಟೇಪು ಕತ್ತರಿಸಿದ ಜಾಗಕ್ಕೆ ಚಪ್ಪಾಳೆ ಬೇಕಿತ್ತು, ಗಿರಣಿಯ ಊರಿನ ಚಪ್ಪಾಳೆ ದಪ್ಪವಾಗಿತ್ತು, ಅದನ್ನೇ ನಕಲು ಮಾಡಿ ತಂದು ಅಂಟಿಸಿದರು, ಒಳಗೆ ಸೀಟಿ ಕೂತಿದ್ದು ಕಿವಿಗೆ ಬೀಳಲಿಲ್ಲ, ಇಪ್ಪತ್ತು ವರ್ಷದ ಅನುಭವದ ಕಿವಿ, ಬೀಳಲಿಲ್ಲ, ಆ ಕ್ಷಣ ಆ ಕಿವಿಯ ತುಂಬ ಇನ್ನೊಂದೇ ತುಂಬಿತ್ತು. ಎಂಟು ಮುಗಿಯಿತೇ, ಯಾವಾಗ ಮುಗಿಯಿತು, ಇದು ಯಾವ ಊರು ದೊಡ್ಡಪ್ಪ, ಕೊನೇದು, ದೊಡ್ಡಪ್ಪ, ನಿಮ್ಮನ್ನೇ. ರೈಲು ಹಳಿಯ ಪಕ್ಕದ ಊರು, ಎಂದರು.

ಒಂಬತ್ತನೆಯದು ಓಡುತ್ತಿದೆ, ತಮ್ಮ ಬಾರಿಸುತ್ತಿದ್ದಾನೆ, ಇಪ್ಪತ್ತೆಂಟು ದಿನದ ಹಿಂದೆ ಮಣ್ಣಾದ ಕೈ ಎರಡೂ ಗೋಡೆಯ ಸ್ಪೀಕರಿನೊಳಗಿಂದ ಬಾರಿಸುತ್ತಿವೆ, ಎಂಥ ಕೈ, ತಾಳ ಎಲ್ಲೂ ಜಗ್ಗುವುದಿಲ್ಲ, ಕೊನೆಯ ಪೆಟ್ಟು, ಡ್ರಮ್ಮಿನ ಕಂಚಿನ ತಟ್ಟೆಯ ಝಣಕಾರ ಇಳಿಯುತ್ತ ಇಳಿಯುತ್ತ, ಸುರುಳಿಯ ಮೇಲೆ ಅವರೇ ಅಂದು ಕತ್ತರಿಸಿ ಜೋಡಿಸಿದ ಬಿಳಿ ಅಂಟುಪಟ್ಟಿ ಹಾದುಹೋಯಿತು, ಚಪ್ಪಾಳೆ, ಆಲಿಕಲ್ಲು, ರೈಲು ಹಳಿಯ ಊರಿಗೆ ತಗಡಿನ ಮಾಡೇ ಇರಲಿಲ್ಲ, ಗಿಡ್ಡ, ಗಿಡ್ಡ, ಉದ್ದ. ಅವಳು ನಿಲ್ಲಿಸಿದಳು. ಹಿಂದಕ್ಕೆ ಸುತ್ತಿದಳು, ಕೇಳಿದಳು, ಮೂರನೆಯ ಸುರುಳಿಯನ್ನು ಪಕ್ಕದ ಯಂತ್ರಕ್ಕೆ ಹಾಕಿ ಕೇಳಿದಳು, ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ದೊಡ್ಡಪ್ಪ, ಈ ಮನುಷ್ಯ ಎರಡೂ ಊರಲ್ಲಿದ್ನಾ? ಇದ್ದ, ನಮ್ಮ ಬಸ್ಸಿನ ಹಿಂದೆಯೇ ಬಂದಿದ್ದ, ಪಾಪ — ತಮ್ಮ ನಲವತ್ತು ವರ್ಷದ ಹಿಂದೆಯೇ ಕಟ್ಟಿಕೊಟ್ಟ ಉತ್ತರ, ನಾಲಗೆಯ ತುದಿಯಲ್ಲಿ ಸಿದ್ಧವಾಗಿದೆ, ಅವಳು ನಗುತ್ತಾಳೆ, ನಂಬದೆಯೇ ನಗುತ್ತಾಳೆ, ಅಲ್ಲಿಗೆ ಮುಗಿಯುತ್ತದೆ, ಮನೆಗೆ ಹೋಗಬಹುದು, ಅವಳ ಅಪ್ಪ ಅವಳಿಗೆ ನಾಲ್ಕು ತಿಂಗಳಿಗೊಂದು ಸಲ ಗೇಟಿನಲ್ಲಿ ಸೀಟಿ ಹಾಕಿದವನಾಗಿ, ಅವಳ ಮುಖಕ್ಕಿಂತ ಊರೂರಿನ ಚಪ್ಪಾಳೆಯೇ ಬೇಕಾದವನಾಗಿ ಹಾಗೆಯೇ ಉಳಿದುಬಿಡುತ್ತಾನೆ. ಇಲ್ಲ, ಎಂದರು. ಕೈ ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು, ಡಬ್ಬಿ ಹೊರಬಂತು, ಕನ್ನಡಕ ಒರೆಸುವ ಬಟ್ಟೆಯ ಕೆಳಗೆ ಕಂದು ಸುರುಳಿ, ಬೆರಳಿನ ಗಾತ್ರ. ಏನಿದು? ಅಲ್ಲಿದ್ದದ್ದು, ಎಂದರು, ಚಪ್ಪಾಳೆ ಹಾಕಿದ ಜಾಗದಲ್ಲಿ. ಅವಳು ಮತ್ತೇನೂ ಕೇಳಲಿಲ್ಲ, ಕಸುಬಿನವಳು, ಎರಡು ತುದಿಗೂ ಬಿಳಿ ಟೇಪು ಜೋಡಿಸಿದಳು, ಓರೆಯಾಗಿ ಕತ್ತರಿಸಿ, ಅಂಟಿಸಿ, ಉಗುರಿನಿಂದ ಉಜ್ಜಿದಳು, ಹಾಗೆ ಉಜ್ಜುವುದನ್ನು ಕಲಿಸಿದ್ದೂ ಅವರೇ, ಗುಂಡಿ ಒತ್ತಿದಳು, ಝಣಕಾರ ಇಳಿಯಿತು, ಇಳಿದ ಮೇಲೆ ಉಸಿರು, ಬೆವರಿದವನ ಉಸಿರು, ಹತ್ತಿರ, ಬಹಳ ಹತ್ತಿರ. ಅಣ್ಣಾ, ಸಾಕು. ನಾಳೆ ನಾನು ಮನೆಗೆ ಹೋಗ್ತೀನಿ, ಮಗು ಮುಖ ನೋಡಿಲ್ಲ ಇನ್ನೂ. ಹೂಂ ಅನ್ನು. ಮುಗಿಯಿತು. ಅವಳು ಹಿಂದಕ್ಕೆ ಸುತ್ತಿದಳು. ಮಗು ಮುಖ ನೋಡಿಲ್ಲ ಇನ್ನೂ. ಹೂಂ ಅನ್ನು. ಮೂರನೇ ಸಲ ಅವಳು ಕಣ್ಣು ಮುಚ್ಚಿ, ಸದ್ದು ಏರಿಸಿ, ಮಾತು ಮುಗಿದ ಮೇಲಿನ ಅರೆಕ್ಷಣವನ್ನೇ ಹಿಡಿದು ಹಿಡಿದು ಕೇಳಿದಳು, ಅಪ್ಪ ಕಾಯ್ತಿದಾರೆ ಇಲ್ಲಿ, ಎಂದಳು, ಉಸಿರು ಬಿಗಿಹಿಡಿದು ಕಾಯ್ತಿದಾರೆ, ಆಮೇಲೆ ಏನೋ ಇದೆ ದೊಡ್ಡಪ್ಪ, ಸಣ್ಣದು, ಟಿಕ್ ಅಂತ, ಟಿಕ್ ಟಿಕ್, ಎರಡು ಸಲ, ಏನದು? ಅದು ಟೇಪಿನಲ್ಲಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ, ನಲವತ್ತೊಂದು ವರ್ಷ ಗೊತ್ತಿರಲಿಲ್ಲ, ದೀಪಕ್ಕೆ ಸದ್ದಿಲ್ಲ ಎಂದುಕೊಂಡಿದ್ದರು, ಗುಂಡಿಯ ಸದ್ದು ತಂತಿಯೊಳಗಿಂದ ನುಸುಳಿ ಬಂದು ಕೂತುಬಿಟ್ಟಿದೆ, ಯಾವ ಕಸುಬಿನವನಿಗೂ ಗೊತ್ತಿರಬೇಕಾದ್ದು, ಇನ್ನು ಹನ್ನೊಂದೇ ಊರು ಕಣೋ, ಆಮೇಲೆ ಹೋಗು, ಎಂದು ವೇದಿಕೆ ಇಳಿದ ಮೇಲೆ ಹೇಳಿದ್ದರು, ಅದು ಆಮೇಲಿನ ಮಾತು, ಮೊದಲು ಬೆರಳು ಹೇಳಿಯಾಗಿತ್ತು, ತಮ್ಮ ಅಣ್ಣನ ಮಾತು ಮೀರಿದವನಲ್ಲ, ಕೋಲು ಎತ್ತಿಕೊಂಡ, ಹನ್ನೊಂದು ಊರು, ನಾಲ್ಕು ತಿಂಗಳು, ಮತ್ತೆ ಊರು, ಮತ್ತೆ ವರ್ಷ. ನೀವೇನಂದ್ರಿ ದೊಡ್ಡಪ್ಪ? ಅವಳು ಇತ್ತ ತಿರುಗಿದ್ದಾಳೆ, ಅವನದೇ ಮುಖ, ತಲೆಯೆತ್ತಿ ಕಾಯುವ ಅದೇ ಮುಖ, ಅವರ ಬಲಗೈಯ ತೋರುಬೆರಳು ಮಂಡಿಯ ಮೇಲೆ ತಾನಾಗಿ ಒತ್ತಿತು, ಎತ್ತಿತು, ಡ್ರಮ್ಮಿನ ಕಾಲಿನಲ್ಲಿ ಕೆಂಪು ಬಲ್ಬು, ಬಟಾಣಿಯಷ್ಟು, ಹತ್ತಿತು, ಆರಿತು, ಇಷ್ಟಕ್ಕೇ ನಿಲ್ಲಿಸು ದೇವರೇ, ಒಂದಕ್ಕೇ ನಿಲ್ಲಿಸು, ಕತ್ತಲೆಯಲ್ಲಿ ಅವನ ಮುಖ ಅರಳುತ್ತಿದೆ, ನಿಲ್ಲಿಸು — ಹತ್ತಿತು, ಆರಿತು.