ಹೆಪ್ಪಿಗೆ ಮದ್ದೆಂಬ ಹೆಸರು

ತೋಟದ ಗೇಟು ದಾಟುತ್ತಲೇ ರಶ್ಮಿತಾ ಗಕ್ಕನೆ ನಿಂತಳು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಗಳು ಕಪ್ಪಗಾಗಿ ಜೋತುಬಿದ್ದಿದ್ದವು, ಬುಡದಲ್ಲಿ ಎಲೆಗಳ ರಾಶಿ. ಸೊರಗು ರೋಗ ತಡೆಯಲೆಂದು ಅವಳ ಪುಟ್ಟ ಕಂಪನಿಯ ಪುಡಿಯನ್ನು ಮೊದಲು ಹಾಕಿದ್ದು ಇದೇ ತೋಟಕ್ಕೆ. ಇಲ್ಲಿ ಗೆದ್ದರೆ ಸುತ್ತಲಿನ ಬೆಳೆಗಾರರೆಲ್ಲ ಕೊಳ್ಳುತ್ತಾರೆ. ಸೋತರೆ, ಪ್ರಯೋಗಾಲಯದ ಕೆಲಸ ಬಿಟ್ಟು ಕಟ್ಟಿದ ಕಂಪನಿಗೆ ಬೀಗವೇ ಗತಿ.

"ಎಂತ ಮೇಡಂ ನಿಮ್ಮ ಮದ್ದು! ಓನರ್ ಕೆಂಡ ಆಗಿದ್ದಾರೆ," ಎಂದ ತೋಟದ ಲೆಕ್ಕ, ಆಳುಕಾಳು ನೋಡಿಕೊಳ್ಳುವ ರೈಟರ್ ರವಿ.

"ಹೇಗೆ ಹಾಕಿದ್ರಿ?"

"ಸರಿಯಾಗೇ ಹಾಕಿದ್ದೇವಲ್ಲ. ಮೈಲುತುತ್ತ, ಸುಣ್ಣ ಕದಡಿದ ಡ್ರಮ್ಮಿಗೇ ನಿಮ್ದೂ ಸುರಿದು ಬುಡಕ್ಕೆ ಹುಯ್ಸಿದೆ. ಎರಡು ಮದ್ದು ಸೇರಿದ್ರೆ ಇನ್ನೂ ಜೋರಲ್ವಾ?"

ಮದ್ದಂತೆ ಮದ್ದು! ಅವಳ ಪುಡಿಯಲ್ಲಿದ್ದದ್ದು ರೋಗದ ಶಿಲೀಂಧ್ರವನ್ನು ತಿಂದುಹಾಕುವ ಇನ್ನೊಂದು ಜೀವಂತ ಶಿಲೀಂಧ್ರ. ಮೈಲುತುತ್ತವನ್ನು ಮಳೆ ತೊಳೆದ ಮೇಲೂ ಬೇರಿನ ಸುತ್ತ ಬೆಳೆದು ಬಳ್ಳಿ ಕಾಯಬೇಕಾದ ಆ ಜೀವ, ಅದೇ ಮೈಲುತುತ್ತ ತಾಗಿ ಡ್ರಮ್ಮಿನಲ್ಲೇ ಸತ್ತಿತ್ತು. ರವಿಯನ್ನು ಬೈಯಲು ಬಾಯಿ ತೆರೆದವಳ ಕಣ್ಣು ಅವನ ಕೈಯಲ್ಲಿದ್ದ ಖಾಲಿ ಪೊಟ್ಟಣದ ಮೇಲೆ ಬಿತ್ತು. 'ಮೆಣಸಿನ ಮದ್ದು' ಎಂದು ದಪ್ಪಕ್ಷರದಲ್ಲಿತ್ತು. ಮದ್ದೆಂದು ಕೊಟ್ಟರೆ ಮದ್ದಿನ ಜೊತೆ ಬೆರೆಸುತ್ತಾರೆ, ಅವನದೇನು ತಪ್ಪು?

ಅವಳು ಮೊದಲು ಇಟ್ಟಿದ್ದ ಹೆಸರು 'ಹೆಪ್ಪು'. ಕುದಿಯುವ ಹಾಲಿಗೆ ಯಾರೂ ಹೆಪ್ಪು ಹಾಕುವುದಿಲ್ಲ. ಹಾಗೇ ಈ ಹೆಪ್ಪನ್ನೂ ಗೊಬ್ಬರಕ್ಕೆ ಕಲಸಿ ನೆರಳಲ್ಲಿಡಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆದರೆ ಮೂರ್ನಾಡಿನಲ್ಲಿ ಅವಳ ಪುಡಿ ಮಾರುವ ಗೊಬ್ಬರದಂಗಡಿಯ ಗಿರಿ ನಕ್ಕಿದ್ದ. "ಹೆಪ್ಪಿಗೆ ಯಾರು ದುಡ್ಡು ಕೊಡ್ತಾರೆ ತಂಗಿ? ಮದ್ದು ಅಂತ ಹಾಕು." ವ್ಯಾಪಾರ ಕಲಿಸಲು ಬೆಂಗಳೂರಿನಿಂದ ಬಂದಿದ್ದ ಸಲಹೆಗಾರರೂ ಅದಕ್ಕೇ ತಾಳ ಹಾಕಿದ್ದರು. ಬೂಟಿಗೆ ಕೆಸರಾಗುತ್ತದೆಂದು ತೋಟಕ್ಕಿಳಿಯದ ಮಹಾನುಭಾವರಿಗೆ ಹೆಸರಿಡುವ ಹುಮ್ಮಸ್ಸು ನೋಡಿ!

ನೇರ ಗಿರಿಯ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಯಾಕಾದೀತು? ಅದೇ ತೋಟಕ್ಕೆ ದುಬಾರಿ ರಾಸಾಯನಿಕದ ಕ್ಯಾನುಗಳು ಅವನ ಅಂಗಡಿಯಿಂದಲೇ ಜೀಪಿಗೆ ಏರುತ್ತಿದ್ದವು. ಬಳ್ಳಿ ಬದುಕಿದರೂ ಅವನಿಗೆ ವ್ಯಾಪಾರ, ಸತ್ತರೂ ವ್ಯಾಪಾರ.

"ಪೊಟ್ಟಣದ ಹೆಸರು ಬದಲಾಯಿಸ್ತೇನೆ. ಹೆಸರಿಂದ ತಪ್ಪಾಯ್ತು ಅಂತ ಓನರಿಗೆ ನೀವೊಂದು ಮಾತು ಹೇಳಿ ಗಿರಿಯಣ್ಣ."

"ನನ್ನ ಯಾಕೆ ಎಳೀತೀಯ? ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ನಿನ್ನ ಪುಡಿಗೇ ಸ್ವಲ್ಪ ಕೆಮಿಕಲ್ ಬೆರೆಸಿಬಿಡು. ಒಳಗಿನ ಜೀವ ಸತ್ರೂ ರೋಗ ನಿಲ್ತದೆ. ಮೇಲೆ ಸಾವಯವ ಅಂತ ಇರ್ಲಿ, ಯಾರಿಗೆ ಗೊತ್ತಾಗ್ತದೆ?"

ರಶ್ಮಿತಾಳ ಮೈಯೆಲ್ಲ ಉರಿದುಹೋಯಿತು. ಕಪಾಟಿನಲ್ಲಿದ್ದ ತನ್ನ ಪೊಟ್ಟಣಗಳನ್ನು ಚೀಲಕ್ಕೆ ತುಂಬತೊಡಗಿದಳು. ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು.

"ನಾನು ಮಾರದಿದ್ರೆ ನಿನ್ನ ಕಂಪನಿ ಮುಚ್ಚಬೇಕಷ್ಟೆ," ಎಂದ ಗಿರಿ.

"ಮುಚ್ತೇನೆ. ವಿಷಕ್ಕೆ ಸಾವಯವ ಅಂತ ಹೆಸರಿಟ್ಟು ಮಾರೋಕೆ ನಿಮ್ಮ ಅಂಗಡಿ ಉಂಟಲ್ಲ ಗಿರಿಯಣ್ಣ, ಮೂರ್ನಾಡಿಗೆ ಅದೊಂದೇ ಸಾಕು."