ಭಾವನ ಹೆಸರು

"ಇದನ್ನ ಹೀಗೆ ಮಗುಚಿ ಅಂಟಿಸಿದ್ದು ಯಾರು?" ಎಂದು ಎಜೆಕಿಯಾಸ್ ಗದರಿದ. ಅವನು ಲಾಯೆ ಪಟ್ಟಣದಿಂದ ಕಳಿಸಿದ್ದ ಭಿತ್ತಿಪತ್ರ ಆರೋಗ್ಯ ಕೇಂದ್ರದ ಗೋಡೆಗೆ ಮುಖ ಒತ್ತಿಕೊಂಡು ನಿಂತಿತ್ತು.

ಕತ್ತರಿ ಕುದಿಸುತ್ತಿದ್ದ ನರ್ಸ್ ಗೆದಿಸಾ ತಲೆ ಎತ್ತಲಿಲ್ಲ. ಅವಳು ಅವನ ತಾಯಿಯ ತಂಗಿ. "ನಾನೇ ಕಣೋ. ಮೊದ್ಲು ಕೂತ್ಕೊ, ಎಳನೀರು ಕುಡಿ."

ಕುಡಿಯುವ ವ್ಯವಧಾನ ಅವನಿಗೆಲ್ಲಿ? ಕರಾವಳಿಯ ಆರೋಗ್ಯ ಕೇಂದ್ರಗಳನ್ನೂ ದೋಣಿಗಳನ್ನೂ ಆಸ್ಪತ್ರೆಯನ್ನೂ ಜೋಡಿಸುವ ಸಾಫ್ಟ್‌ವೇರ್ ಕಟ್ಟಿದವನು ಅವನು. ಭಿತ್ತಿಪತ್ರದಲ್ಲಿದ್ದ ಅದರ ಹೆಸರನ್ನು ಫೋನಿನಲ್ಲಿ ಬರೆದು ಕಳಿಸಿದರೆ ಸಾಕು, ಹತ್ತಿರದ ದೋಣಿ ಹೊರಡುತ್ತಿತ್ತು. ಬೇರೆ ಕಡೆಯಿಂದೆಲ್ಲ ಕರೆ ಬರುತ್ತಿದ್ದವು, ತಾಯಿಯ ಊರಿನ ಈ ದಂಡೆಯಿಂದ ಮಾತ್ರ ಒಂದೂ ಇಲ್ಲ. 'ಅಲ್ಲಿಯವರು ಶುದ್ಧ ಸೋಮಾರಿಗಳು' ಎಂದು ಕಚೇರಿಯ ಸಭೆಯಲ್ಲಿ ಬೇರೆ ಹೇಳಿ ಬಂದಿದ್ದ.

"ಅದಕ್ಕೆ ಅಪ್ಪನ ಹೆಸರೇ ಇಟ್ಟಿದ್ದೀನಿ ಚಿಕ್ಕಮ್ಮ. ಎಷ್ಟು ರೋಗಿಗಳನ್ನ ದೋಣೀಲಿ ದಾಟಿಸಿದ ಮನುಷ್ಯ! ಆ ಹೆಸರಿಗೇನಾಗಿದೆ?"

"ನಿನಗೆ ಅಪ್ಪ. ನಮಗೆ?"

ಭಾವ! ಹೆಣ್ಣು ಕೊಟ್ಟ ಊರು ಅಳಿಯನ ಹೆಸರನ್ನು ನಾಲಗೆಗೆ ತರುವುದಿಲ್ಲ, ಬರೆಯುವುದೂ ಇಲ್ಲ. ಅಜ್ಜಿ ಸಾಯುವವರೆಗೂ ಅಪ್ಪನನ್ನು 'ಹುಡುಗನ ತಂದೆ' ಎಂದೇ ಕರೆದದ್ದನ್ನು ಇದೇ ಊರಿನಲ್ಲಿ ಕೇಳಿ ಬೆಳೆದವನಿಗೆ, ಆ ಹೆಸರನ್ನು ಯಂತ್ರಕ್ಕೆ ಇಡುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಅವನ ಕಿವಿ ಬಿಸಿಯಾದವು.

"ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ನಿನ್ನಪ್ಪನ ಹೆಸರು ಕಿತ್ತುಹಾಕು ಅಂತಲಾ? ಭಾವನಿಗೆ ಅವಮಾನ ಆಗಲ್ವೇನೋ? ಊರೋರಿಗೆ 'ಅದು' ಬಂದಿದೆ, 'ಅದನ್ನ' ಬರೀರಿ ಅಂದೆ. ಯಾವುದು ಅದು ಅಂತ ನಕ್ಕು ಎದ್ದುಹೋದ್ರು."

ಗೆದಿಸಾ ಒಲೆ ಆರಿಸಿದಳು. "ನಾನು ಲಸಿಕೆ ತರೋಕೆ ಹೋಗಿದ್ದಾಗ ನನ್ನ ಮಗಳು ತಬೀತಾಗೆ ಹೆರಿಗೆ ನೋವು ಬಂತು. ಅವಳ ಗಂಡ ಅವಳನ್ನ ಹೊತ್ಕೊಂಡು ಮರಳಲ್ಲಿ ಆಸ್ಪತ್ರೆ ಕಡೆ ನಡೆದ. ಏನು ಬರೆದು ಕಳಿಸಿದ್ರೆ ದೋಣಿ ಬರುತ್ತೆ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ. ದಾರೀಲೇ ಮಗು ಹೋಯ್ತು."

ಮಗು ಹೋದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಅಕ್ಕಿ ಮೂಟೆ, ಮೀನಿನ ಡಬ್ಬಿ ಕಳಿಸಿ ಕೈತೊಳೆದುಕೊಂಡಿದ್ದ. ಈಗ ಚಿಕ್ಕಮ್ಮನ ಮುಖ ನೋಡಲಾಗದೆ ಅಂಗಳಕ್ಕೆ ಬಂದ.

ಅಲ್ಲಿ ತಬೀತಾ ಕೆಂಡದಿಂದ ಕೆಸುವಿನ ಗೆಡ್ಡೆ ತೆಗೆಯುತ್ತಿದ್ದಳು. ಬಿಸಿಯಾದ ಒಂದನ್ನು ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. "ತಿನ್ನಣ್ಣ, ಸೊರಗಿ ಹೋಗಿದ್ದೀಯ."

ಅವಳು ಪಕ್ಕದಲ್ಲಿ ಕುಳಿತಳು.

"ನೀನೇನೋ ಮಾಡಿದ್ದೀಯಂತಲ್ಲ, ದೋಣಿ ಕರೆಯೋದು. ಅಮ್ಮ ಬರೀ ಅದು ಅದು ಅಂತಾಳೆ. ಅದರ ಹೆಸರೇನಣ್ಣ?"

ಆ ಅಂಗಳದಲ್ಲಿ ಆ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲದವನು ಅವನೊಬ್ಬನೇ. ತಬೀತಾ ಕಾಯುತ್ತಿದ್ದಳು. ಹೇಳಿದರೆ ತನ್ನ ಮಗುವಿಗೆ ದೋಣಿ ಏಕೆ ಬರಲಿಲ್ಲವೆಂಬುದೂ ಅವಳಿಗೆ ತಿಳಿದುಬಿಡುತ್ತಿತ್ತು. ಅವನು ತಲೆ ತಗ್ಗಿಸಿ ಗೆಡ್ಡೆಯ ಸುಟ್ಟ ಸಿಪ್ಪೆ ಸುಲಿಯತೊಡಗಿದ.