ಚಿಕ್ಕಮಾದುವಿನ ಮೂಗು

ಸರ್ಕಾರ ಕಾಲೇಜಿನ ಬಾಗಿಲು ತೆಗೆಯಿತು. ಚಿಕ್ಕಮಾದು ಮಾತ್ರ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಕೊರೊನಾ ಕಾಲ. ಮನೆಯವರು ಒಪ್ಪಿ ಸಹಿ ಹಾಕದೆ ತಿ. ನರಸೀಪುರದ ಕಾಲೇಜಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದ ಮಗಳು ಭಾನುಪ್ರಿಯಾಗೆ ಸೋಮವಾರದಿಂದ ಲ್ಯಾಬು. ತಪ್ಪಿದರೆ ವರ್ಷವೇ ಹೋದಂತೆ. ಆದರೆ ಹೆಂಡತಿ ಇಂದ್ರಾಣಿಗೆ ದಮ್ಮು. ಬಸ್ಸು ಹತ್ತುವ ಮಗಳಿಗೆ ರೋಗವೂ ಹತ್ತಿಕೊಂಡು ಮನೆಗೆ ಬಂದರೆ?

“ಆ ಕಂಡಕ್ಟರು ಎಂಜಲು ಅಚ್ಚಿ ಟಿಕೆಟ್ ಅರೀತಾನೆ ಕಣವ್ವ.”

“ನಂಗೆ ಪಾಸೈತೆ, ಟಿಕೆಟ್ ಯಾಕಪ್ಪ?”

“ಲ್ಯಾಬಲ್ಲಿ? ಗಾಜಿನ ಕೊಳವೆಗೆ ಬಾಯಾಕಿ ಎಳೀತೀವಿ ಅಂತ ನೀನೇ ಏಳಿದ್ದೆ. ಎಲ್ರಿಗೂ ಅದೊಂದೇ ಕೊಳವೆನಾ?”

ಒಂದು ವರ್ಷದ ಹಿಂದೆ ಜಂಬಕ್ಕೆ ಹೇಳಿದ್ದು ಈಗ ಕೊರಳಿಗೆ ಸುತ್ತಿಕೊಂಡಿತ್ತು. ಭಾನುಪ್ರಿಯಾ ತನ್ನ ಲೆಕ್ಚರರ್ ಸೋಮಶೇಖರ್‌ಗೆ ಫೋನ್ ಹಚ್ಚಿ ಅಪ್ಪನ ಕೈಗೆ ಕೊಟ್ಟಳು.

“ನೋಡಿ ಯಜಮಾನ್ರೇ, ಆಕ್ಚುಲಿ, ನಾವು ಡಿಸ್ಟೆನ್ಸ್ ಮೇಂಟೇನ್ ಮಾಡಿಸ್ತೀವಿ. ಆಕ್ಚುಲಿ, ಏನೂ ಪ್ರಾಬ್ಲಂ ಇಲ್ಲ.”

ಫೋನಿಟ್ಟ ಚಿಕ್ಕಮಾದು ಆ ದನಿಯನ್ನೇ ತೆಗೆದು “ಆ...ಕ್ಚುಲಿ” ಎಂದು ಎಳೆದ. “ಏನೂ ಇಲ್ದಿದ್ರೆ ಅಷ್ಟು ನುಣ್ಣಗೆ ಯಾಕೆ ಮಾತಾಡ್ತಾನೆ?”

ಮಗಳ ಮೇಲೂ ಅನುಮಾನವೇ. ಮನೆಯಲ್ಲಿ ಮೊಬೈಲ್ ಪಾಠ ಹಾಕಿದರೆ ಆಕಳಿಸುತ್ತಿದ್ದವಳು ಈಗ ಲ್ಯಾಬು ಲ್ಯಾಬು ಅನ್ನುವುದೇಕೆ?

“ಅಲ್ಲಿ ಯಾವನೋ ಅವ್ನೆ ಕಣೇ,” ಎಂದ ಹೆಂಡತಿಯ ಕಿವಿಯಲ್ಲಿ.

“ಅವ್ನೆ, ಕಪ್ಪೆರಾಯ. ಅವನ ಒಟ್ಟೆ ಕುಯ್ಯಕ್ಕೆ ಓಯ್ತಾಳೆ. ಸುಮ್ನೆ ಸೈನ್ ಆಕಿ ಅತ್ಲಾಗೆ.”

ಶನಿವಾರ ಸಂಜೆ ಚಿಕ್ಕಮಾದುಗೆ ಮೈಕೈ ನೋವು. ಕಬ್ಬು ಕಡಿದದ್ದಕ್ಕೇ ಎಂದುಕೊಂಡು ಮಲಗಿಬಿಟ್ಟ. ಹಾಲು ಡೇರಿಗೆ ಹೋಗದೆ ಕ್ಯಾನಿನಲ್ಲೇ ಉಳಿಯಿತು. ಹೀಗೆ ಉಳಿದರೆ ಬೆಳಿಗ್ಗೆ ಮೂಸಿ ನೋಡಿ, ಕೆಡದಿದ್ದರೆ ಹೊಸ ಹಾಲಿಗೆ ಬೆರೆಸುವುದು ಅವನ ರೂಢಿ. ಬೆಳಿಗ್ಗೆ ಕ್ಯಾನಿನೊಳಗೆ ಮುಖವಿಟ್ಟು ಮೂಸಿದ. ಏನೂ ಇಲ್ಲ. ಬೆರೆಸಿದ.

ಡೇರಿಯಲ್ಲಿ ಸೆಕ್ರೆಟರಿ ಬಸವೇಶ್ ಮುಚ್ಚಳ ತೆಗೆದವನೇ ಮಾಸ್ಕಿನೊಳಗೇ ಮುಖ ಹಿಂಡಿದ.

“ಏನ್ ಮಾದಣ್ಣ, ಇದು ಮಜ್ಜಿಗೆ ಡೇರಿ ಅಂದ್ಕಂಡ್ರಾ?”

“ಯಾಕ್ಲಾ? ಮೂಸ್ಕಂಡೇ ತಂದಿವ್ನಿ.”

“ಮೂಸಿದ್ರಾ?”

ಯಾರ ಹಸು ಯಾವ ಮೇವು ತಿಂದಿದೆ ಎಂದು ಹಾಲು ಮೂಸಿಯೇ ಹೇಳುತ್ತಿದ್ದವನು ಚಿಕ್ಕಮಾದು. ಸಾಲಿನಲ್ಲಿದ್ದವರೆಲ್ಲ ಕ್ಯಾನು ಎತ್ತಿಕೊಂಡು ಹಿಂದೆ ಸರಿದರು.

“ಮಾದಣ್ಣಂಗೆ ವಾಸ್ನೆ ಓಗೈತೆ ಕಣ್ರಲಾ!”

ಹಾಲನ್ನು ಚರಂಡಿಗೆ ಸುರಿದು ಬಂದು, ಮನೆಯೊಳಗೆ ಕಾಲಿಡದೆ ಕೊಟ್ಟಿಗೆಯಲ್ಲಿ ನಿಂತು ವಿಷಯ ಹೇಳಿದ. ಭಾನುಪ್ರಿಯಾ ಕೈಕಟ್ಟಿಕೊಂಡು ಕೇಳಿದಳು.

“ಚೆನ್ನಾಗಿ ಪ್ಲ್ಯಾನ್ ಮಾಡಿದ್ದೀಯ ಕಣಪ್ಪ. ನಾಳೆ ಲ್ಯಾಬು, ಇವತ್ತು ನಿನ್ ಮೂಗು ರಜಾ.”

“ನಿಮ್ಮವ್ವನಾಣೆ ಕಣವ್ವ!”

ಆಣೆಯನ್ನು ಅವಳು ನಂಬಲಿಲ್ಲ. ಒಳಗೆ ಹೋಗಿ, ಟವಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು, ಕಣ್ಣು ಮುಚ್ಚು ಅಂದಳು. ಗಂಟನ್ನು ಕೋಲಿಗೆ ಸಿಕ್ಕಿಸಿ ಅವನ ಮೂಗಿಗೆ ಹಿಡಿದಳು. ಅವನು ಉಸಿರನ್ನು ಎದೆ ತುಂಬ ಎಳೆದ.

“ಕೊತ್ತಂಬರಿ?” ಎಂದ, ಮೆಲ್ಲಗೆ.

ಅಡುಗೆಮನೆಯಿಂದ ಇಂದ್ರಾಣಿ ಕೂಗಿದಳು: “ಒಣಮೀನು ಯಾಕೆ ಈಚೆಗೆ ತೆಗುದ್ಯೇ? ಮನೆಯೆಲ್ಲ ನಾತ!”

ಭಾನುಪ್ರಿಯಾಳ ಕೋಲು ಕೆಳಗಿಳಿಯಿತು. ಚಿಕ್ಕಮಾದು ಕಣ್ಣು ಬಿಟ್ಟು ಮಗಳ ಮುಖ ನೋಡಿದ.

“ಪೆನ್ನು ಎಸಿ ಇತ್ಲಾಗೆ. ಸೈನ್ ಆಕ್ತೀನಿ. ಈಗ್ಲೇ ನಿಮ್ಮ ಚಿಕ್ಕಮ್ಮನ ಮನೆಗೆ ಓಗು, ಅಲ್ಲಿಂದ್ಲೇ ಕಾಲೇಜಿಗೆ ಓದ್ರಾಯ್ತು. ಅಲ್ಲಿ ಯಾರ್ಗೂ ಏಳ್ಬ್ಯಾಡ.”

ಇಷ್ಟು ದಿನ ಅವಳು ಹಟ ಹಿಡಿದದ್ದು ಅದೇ ಸಹಿಗೆ.

“ನಿನ್ನೆ ರಾತ್ರಿ ನಿನ್ ತಟ್ಟೇಲಿದ್ದ ಮುದ್ದೆ ಕಿತ್ಕಂಡು ತಿಂದಿವ್ನಿ ನಾನು,” ಎಂದಳು. “ಚಿಕ್ಕಮ್ಮನ ಮನೇಲೂ ಮಕ್ಳವ್ರೆ. ಲ್ಯಾಬಲ್ಲಿ ಪಕ್ಕದಲ್ಲಿ ನಿಲ್ಲೋರ ಮನೇಲೂ ಒಬ್ಬ ಅವ್ವ ಇರ್ತಾಳೆ.”

ಸೋಮಶೇಖರ್‌ಗೆ ಅವಳೇ ಫೋನ್ ಮಾಡಿದಳು. “ಸರ್, ನಾಳೆ ಬರಲ್ಲ. ನಮ್ಮನೆಗೇ ಕೊರೊನಾ ಬಂದಿದೆ.” ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನಿಟ್ಟಳು.

“ಏನಂದ?”

“ಎಲ್ರೂ ಟೆಸ್ಟ್ ಮಾಡಿಸಿ. ನೆಗೆಟಿವ್ ಆದ್ಮೇಲೆ ಬಾ, ಕೊನೇ ಬ್ಯಾಚಲ್ಲಿ ಸೇರಿಸ್ತೀನಿ ಅಂದ್ರು.”

“ಅವನ್ನ ನಂಬ್ಬೋದಾ?”

“ನಿನ್ನೇ ನಂಬಿದ್ನಲ್ಲಪ್ಪ,” ಎನ್ನುತ್ತ ಭಾನುಪ್ರಿಯಾ ಮುಖಕ್ಕೆ ಮಾಸ್ಕು ಏರಿಸಿ, ಅವ್ವನ ಹಾಸಿಗೆಯನ್ನು ತಮ್ಮಿಬ್ಬರಿಂದ ದೂರ, ಹಿತ್ತಲ ಕೋಣೆಗೆ ಎಳೆಯತೊಡಗಿದಳು.